ಉಪ್ಪು ಹೇಳಿದ ಸತ್ಯ
(ಕುಂತೂರಿನಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಪಾಠ ಹೇಳುವವರಿಗೆ ಲೆಕ್ಕದ ಉಸಾಬರಿ ಏಕೆಂದು ನೀವು ಕೇಳಬಹುದು. ಸಮಾಜದ ಸ್ಥಿತಿ ತಿಳಿಯಬೇಕಾದರೆ ಲೆಕ್ಕ ಬೇಕೇ ಬೇಕು. ಆದ್ದರಿಂದ ನಮ್ಮ ನಾಡಿನ ಹೂವಿನ ಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ವಿಷಯ ಹೇಳುತ್ತೇನೆ. ತೆಲುಗು ಮನೆಮಾತಿನ ಕುಟುಂಬದ ಹತ್ತು ಮಕ್ಕಳಲ್ಲಿ ಅವರು ಎಂಟನೆಯವರು. ತಾಯಿ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ, ದೀಪ ಹಚ್ಚಿಟ್ಟು ಓದಿಸುತ್ತಿದ್ದರು. 1941ರಲ್ಲಿ ಅವರು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದರು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದು, ಅದೇ ವರ್ಷ ಆಗಸ್ಟ್‌ನಲ್ಲಿ 102ನೆಯ ವಯಸ್ಸಿನಲ್ಲಿ ನಿಧನರಾದರು.

ಅವರ ಮೊದಲ ಕೆಲಸಗಳಲ್ಲೊಂದು ಗುಂಪು ವಿಂಗಡಣೆ. 1941ರಲ್ಲಿ ಸಂಯುಕ್ತ ಪ್ರಾಂತ್ಯದ ಜನರ ಎತ್ತರ, ತಲೆ, ಮೂಗಿನ ಅಳತೆಗಳನ್ನು ತೆಗೆದಿದ್ದರು. ಮಹಾಲನೋಬಿಸ್, ಮಜುಂದಾರ್ ಅವರೊಡನೆ ರಾವ್ ಆ ಎಲ್ಲ ಅಳತೆಗಳನ್ನು ಒಟ್ಟಿಗೆ ಪರಿಶೀಲಿಸಿ, ಯಾವ ಗುಂಪು ಯಾವುದಕ್ಕೆ ಹತ್ತಿರ ಎಂದು ತೋರಿಸಿದರು. ನಮ್ಮ ತರಗತಿಗೂ ಇದೇ ಮಾತು. ಬರೀ ಅಂಕ ನೋಡಿ ಮಗುವನ್ನು ದಡ್ಡ ಎನ್ನಬೇಡಿ. ಹಾಜರಾತಿ, ಮನೆಗೆಲಸ, ಶಾಲೆಯ ದೂರ ಎಲ್ಲವನ್ನೂ ಕೂಡಿಸಿ ನೋಡಿದರೆ ಯಾರಿಗೆ ಯಾವ ನೆರವು ಬೇಕೆಂದು ತಿಳಿಯುತ್ತದೆ.

ರಾವ್ ತಮ್ಮ ಪುಸ್ತಕದಲ್ಲಿ ಹೇಳಿದ ಒಂದು ಪ್ರಸಂಗ ಕೇಳಿ. 1947ರ ಗಲಭೆಯಲ್ಲಿ ದೆಹಲಿಯ ಕೆಂಪುಕೋಟೆಯೊಳಗೆ ಅಲ್ಪಸಂಖ್ಯಾತರು ಆಶ್ರಯ ಪಡೆದಿದ್ದರು. ಒಳಗೆ ಎಷ್ಟು ಜನರಿದ್ದಾರೆಂದು ಸರ್ಕಾರಕ್ಕೆ ಗೊತ್ತಿಲ್ಲ; ಗುತ್ತಿಗೆದಾರರು ಕೊಟ್ಟ ಊಟದ ಬಿಲ್ಲೇ ಗತಿ. ಸಂಖ್ಯಾಶಾಸ್ತ್ರಜ್ಞರು ಕೋಟೆಯೊಳಗೆ ಹೋಗದೆ, ಬಿಲ್ಲಿನಲ್ಲಿದ್ದ ಅಕ್ಕಿ, ಬೇಳೆ, ಉಪ್ಪನ್ನು ಒಬ್ಬರಿಗೆ ಬೇಕಾದ ಪ್ರಮಾಣದಿಂದ ಭಾಗಿಸಿದರು. ಅಕ್ಕಿಯ ಲೆಕ್ಕದಲ್ಲಿ ಜನ ಹೆಚ್ಚು, ಉಪ್ಪಿನ ಲೆಕ್ಕದಲ್ಲಿ ಕಡಿಮೆ! ಅಗ್ಗದ ಉಪ್ಪನ್ನು ಹೆಚ್ಚಿಸಿ ಬರೆದು ಯಾರಿಗೆ ಲಾಭ? ಹಾಗಾಗಿ ಉಪ್ಪನ್ನೇ ನಂಬಿದರು. ಹುಮಾಯೂನ್ ಗೋರಿಯ ಬಳಿಯ ಸಣ್ಣ ಶಿಬಿರದಲ್ಲಿ ಪರೀಕ್ಷಿಸಿದಾಗ ಈ ಕ್ರಮ ಸರಿಸುಮಾರು ಹೊಂದಿತು.

ಇದೇ ವಿದ್ಯೆ ನಮ್ಮ ಕಾಡಿನಲ್ಲೂ ಇದೆ. ಹುಲಿಯ ಪಟ್ಟೆ ನಮ್ಮ ಬೆರಳಚ್ಚಿನಂತೆ, ಒಂದರಂತೆ ಇನ್ನೊಂದಿಲ್ಲ. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು ಹುಲಿಗಳ ಸಂಖ್ಯೆ ಅಂದಾಜಿಸಿದರು. ಮೊದಲ ಸುತ್ತಿನಲ್ಲಿ 20 ಹುಲಿ, ಎರಡನೆಯದರಲ್ಲಿ 15, ಅವುಗಳಲ್ಲಿ 10 ಹಳೆಯವು ಎಂದಿಟ್ಟುಕೊಳ್ಳಿ. ಒಟ್ಟು ಸುಮಾರು 30 ಎಂದಾಯಿತು. ಪ್ರವಾಸೋದ್ಯಮಕ್ಕೂ ಲೆಕ್ಕ ಬೇಕು. ಆದರೆ ಮಳೆಗಾಲದ ಭಾನುವಾರ ಮಾತ್ರ ಭರಚುಕ್ಕಿಯಲ್ಲಿ ನಿಂತು ಎಣಿಸಿದರೆ ವರ್ಷದ ಲೆಕ್ಕ ಸಿಗುವುದೇ?

ನಮ್ಮ ಸಂಘಕ್ಕೂ ಇದು ಪಾಠ. ಇಂದು ಸಭೆಗೆ ಬಂದವರಲ್ಲಿ ಬಹುಪಾಲು ಮಕ್ಕಳನ್ನು ಓದಿಸುತ್ತಿರುವವರೇ. ಇಲ್ಲಿ ಮಾತ್ರ ಕೈ ಎತ್ತಿಸಿ ಎಣಿಸಿದರೆ, ಶಾಲೆ ಬಿಟ್ಟ ಮಕ್ಕಳು ನಮ್ಮಲ್ಲಿಲ್ಲವೆಂದೇ ಬರುತ್ತದೆ. ಬಾರದವರ ಮನೆಗೂ ಹೋಗಬೇಕು. 2006ರ ಸಾಚಾರ್ ಸಮಿತಿಯ ವರದಿ 2001ರ ಜನಗಣತಿ ಮತ್ತು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳನ್ನು ಆಧರಿಸಿತ್ತು. ಆ ಅಂಕಿಗಳು ಮನೆಬಾಗಿಲಲ್ಲಿ ನಾವು ಕೊಟ್ಟ ಉತ್ತರಗಳೇ ಅಲ್ಲವೇ? ಓದು ಬಿಟ್ಟ ಮಗಳನ್ನು ‘ಓದುತ್ತಿದ್ದಾಳೆ’ ಎಂದರೆ ಆ ಗಳಿಗೆಗೆ ಮಾನ ಉಳಿಯಬಹುದು. ಅವಳಿಗೆ ಬೇಕಾದ ಹಾಸ್ಟೆಲ್, ವಿದ್ಯಾರ್ಥಿವೇತನ ಮಾತ್ರ ಲೆಕ್ಕದಿಂದಲೇ ತಪ್ಪಿಹೋಗುತ್ತದೆ.

ವಿದ್ಯಾರ್ಥಿಗಳೇ, ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಕಂಡರೆ ಹೆದರಬೇಡಿ. ವೈದ್ಯಕೀಯ ಸಂಶೋಧನೆ, ಕೃಷಿ, ಬ್ಯಾಂಕ್ ಎಲ್ಲೆಡೆ ಅದಕ್ಕೆ ಬೆಲೆ ಇದೆ. ಈ ರಜೆಯಲ್ಲಿ ಪುಸ್ತಕ, ಪೆನ್ನು ಹಿಡಿದು ನಿಮ್ಮ ಬೀದಿಯ ಪ್ರತಿ ಮನೆಗೆ ಹೋಗಿ, ಎಷ್ಟು ಮಕ್ಕಳು ಶಾಲೆಗೆ ಹೋಗುತ್ತಿಲ್ಲ, ಏಕೆ ಎಂದು ಬರೆದುಕೊಂಡು ಬನ್ನಿ. ಹಿರಿಯರೇ, ಅವರು ಬಂದಾಗ ನಿಜ ಹೇಳಿ.