ನವಗ್ರಹದ ಪಟ್ಟಿಯಲ್ಲಿ ಭೂಮಿ ಯಾಕಿಲ್ಲ?

(ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಕೂಡ್ಲಿಗಿಯಲ್ಲಿ ಆಡಿದ ಮಾತಿನ ಬರಹರೂಪ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕಿನ ಹಾಸ್ಟೆಲುಗಳಿಂದ ಬಂದು ಕೂತಿದ್ದೀರಿ. ನಮ್ಮ ಅವ್ವಂದಿರು ಬೆಳ್ಳಿಚುಕ್ಕಿ ಮೂಡಿದ ಹೊತ್ತಿಗೆ ಎದ್ದು ಕೂಲಿಗೆ ಹೋದವರು. ಗಡಿಯಾರ ಇಲ್ಲದ ಗುಡಿಸಲಿಗೆ ಆ ಚುಕ್ಕಿಯೇ ಗಡಿಯಾರ. ನಿಜವಾಗಿ ಅದು ಚುಕ್ಕಿಯಲ್ಲ, ಶುಕ್ರಗ್ರಹ. ಆಕಾಶ ನೋಡಿಕೊಂಡೇ ಬಾಳಿದ ಜನ ನಾವು. ಅದೇ ಆಕಾಶದ ಹೆಸರು ಹೇಳಿ ನಮ್ಮನ್ನ ಹೆದರಿಸಿದವರೂ ಇದ್ದಾರೆ. ಇವತ್ತು ಆ ಹೆದರಿಕೆಯ ಲೆಕ್ಕ ತೆಗೆಯೋಣ.

ಮೊದಲು ಪಂಚಾಂಗದ ನವಗ್ರಹ ಎಣಿಸಿ. ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು. ಇದರಲ್ಲಿ ರವಿ ಗ್ರಹವಲ್ಲ, ನಕ್ಷತ್ರ. ಚಂದ್ರ ಗ್ರಹವಲ್ಲ, ಭೂಮಿಯ ಉಪಗ್ರಹ. ರಾಹು ಕೇತು ವಸ್ತುಗಳೇ ಅಲ್ಲ. ಆಕಾಶದಲ್ಲಿ ಸೂರ್ಯನ ದಾರಿಯನ್ನ ಚಂದ್ರನ ದಾರಿ ದಾಟೋ ಎರಡು ಜಾಗ, ಅಷ್ಟೆ. ಒಂಬತ್ತರಲ್ಲಿ ನಾಲ್ಕು ಹೋದವು, ಐದು ಉಳಿದವು. ಇನ್ನು ನಾವು ನಿಂತಿರೋ ಭೂಮಿ? ಅದು ಆ ಪಟ್ಟಿಯಲ್ಲೇ ಇಲ್ಲ! ಭೂಮಿ ನಡುವೆ ಅಲುಗಾಡದೆ ಕೂತೈತೆ, ಉಳಿದದ್ದೆಲ್ಲ ಅದರ ಸುತ್ತ ತಿರುಗ್ತೈತೆ ಅಂತ ನಂಬಿದ ಕಾಲದ ಪಟ್ಟಿ ಅದು. ನಮ್ಮವರು ಉತ್ತು ಬಿತ್ತಿ ಬೆವರು ಬಸಿದ ನೆಲಕ್ಕೆ ಅದರಲ್ಲಿ ಜಾಗವೇ ಇಲ್ಲ.

ಕ್ರಿ.ಶ. 499ರಲ್ಲಿ ಆರ್ಯಭಟ ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ ಎಂದ, ಗ್ರಹಣ ಅಂದರೆ ನೆರಳಾಟ ಎಂದ. 1543ರಲ್ಲಿ ಅಚ್ಚಾದ ಕೊಪರ್ನಿಕಸ್‌ನ ಪುಸ್ತಕ ಸೂರ್ಯನನ್ನ ನಡುವೆ ಇಟ್ಟು, ಭೂಮಿಯನ್ನೂ ಗ್ರಹಗಳ ಸಾಲಿಗೆ ಸೇರಿಸಿತು. 1781ರಲ್ಲಿ ಯುರೇನಸ್, 1846ರಲ್ಲಿ ನೆಪ್ಚೂನ್, 1930ರಲ್ಲಿ ಪ್ಲೂಟೊ ಸಿಕ್ಕವು. 2006ರಲ್ಲಿ ವಿಜ್ಞಾನಿಗಳು ಸಭೆ ಸೇರಿ ಪ್ಲೂಟೊವನ್ನ ಕುಬ್ಜಗ್ರಹ ಅಂತ ಬೇರೆ ಮಾಡಿದರು. ಈಗ ಗ್ರಹಗಳು ಎಂಟು. ಪುರಾವೆ ಸಿಕ್ಕರೆ ತಿದ್ದಿಕೊಳ್ಳೋ ಪಟ್ಟಿ ಇದು. ತಿದ್ದಿಕೊಳ್ಳದ ಪಟ್ಟಿಗೆ ನಾವ್ಯಾಕೆ ಕೈಮುಗೀಬೇಕು?

ಈಗ ಸೂರ್ಯನ ಸಂಸಾರವನ್ನ ನಮ್ಮ ಅಡಿಗೆ ಮನೆಯ ಸಾಮಾನಿನಲ್ಲೇ ಕಟ್ಟಿ ನೋಡೋಣ. ಭೂಮಿ ಒಂದು ಜೋಳದ ಕಾಳು ಅಂತಿಟ್ಟುಕೊಳ್ಳಿ. ಆಗ ಚಂದ್ರ ಒಂದು ರಾಗಿ ಕಾಳು, ಜೋಳದಿಂದ ಅರ್ಧ ಗೇಣು ದೂರ. ಕುಜ ಒಂದು ನವಣೆ ಕಾಳು. ಗುರು ನಿಂಬೆಹಣ್ಣು. ಶನಿ ಬೆಟ್ಟದ ನೆಲ್ಲಿಕಾಯಿ. ಯುರೇನಸ್, ನೆಪ್ಚೂನ್ ಎರಡು ಬಾರೆಹಣ್ಣು. ಸೂರ್ಯ? ಒಂದೂವರೆ ಅಡಿ ಅಗಲದ ದೊಡ್ಡ ಗಡಿಗೆ! ಭೂಮಿಯಂಥ 109 ಕಾಳು ಸಾಲಾಗಿ ಇಟ್ಟರೆ ಅದರ ಅಗಲ. ಆ ಗಡಿಗೆಯಿಂದ ನಮ್ಮ ಜೋಳದ ಕಾಳು 47 ಮೀಟರ್ ದೂರ. ನಿಂಬೆಹಣ್ಣು ಕಾಲು ಕಿಲೋಮೀಟರ್ ಆಚೆ. ಕೊನೆಯ ಬಾರೆಹಣ್ಣು ಸುಮಾರು 1.4 ಕಿಲೋಮೀಟರ್ ಆಚೆ. ಇನ್ನೊಂದು ಗಡಿಗೆ, ಅಂದರೆ ನಮಗೆ ಹತ್ತಿರದ ಇನ್ನೊಂದು ನಕ್ಷತ್ರ, ಎಲ್ಲಿಡಬೇಕು? ಬಳ್ಳಾರಿಯಲ್ಲೂ ಅಲ್ಲ, ಬೆಂಗಳೂರಲ್ಲೂ ಅಲ್ಲ. 12,000 ಕಿಲೋಮೀಟರ್ ದಾಟಿ, ಸಮುದ್ರದಾಚೆ ಅಮೆರಿಕದ ಹತ್ತಿರ! ನಿಜವಾದ ಲೆಕ್ಕದಲ್ಲಿ ಸೂರ್ಯ ನಮಗೆ ಸುಮಾರು 15 ಕೋಟಿ ಕಿಲೋಮೀಟರ್ ದೂರ. ಅವನ ಬೆಳಕು ನಮ್ಮಂಗಳಕ್ಕೆ ಬರೋಕೆ ಎಂಟು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು.

ಈ ದೂರ ತಲೆಯಲ್ಲಿಟ್ಟುಕೊಂಡು ಜಾತಕ ನೋಡಿ. ಶನಿ ಸೂರ್ಯನನ್ನ ಒಂದು ಸುತ್ತು ಹಾಕೋಕೆ ಇಪ್ಪತ್ತೊಂಬತ್ತೂವರೆ ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು ಎರಡೂವರೆ ವರ್ಷ. ಮೂರು ರಾಶಿಗೆ ಏಳೂವರೆ. ಸಾಡೇಸಾತಿ ಅಂದರೆ ಇಷ್ಟೇ ಗುಣಾಕಾರ! ಅದು ಗೌಡನ ಮಗನಿಗೂ ಬರ್ತದೆ, ಜೀತದವನ ಮಗನಿಗೂ ಬರ್ತದೆ. ಆದರೆ ಹೊಲ ಕಳಕೊಂಡವರು ಯಾರು? ಅದಕ್ಕೆ ಕಾರಣ ಶನಿಯೋ, ಸಾಲದ ಪತ್ರವೋ?

ಕುಜದೋಷ ಅಂತ ಹೆಣ್ಣುಮಕ್ಕಳ ಮದುವೆ ನಿಲ್ಲಿಸ್ತಾರೆ. ಕುಜ ಕೆಂಪಗೆ ಕಾಣೋದು ಅದರ ಮಣ್ಣಲ್ಲಿ ಕಬ್ಬಿಣದ ತುಕ್ಕು ಇರೋದರಿಂದ. ಸಂಡೂರಿನ ಅದಿರು ಲಾರಿಯ ಹಿಂದೆ ಏಳೋ ಕೆಂಧೂಳಿ ಕಂಡಿದ್ದೀರಲ್ಲ, ಅದರ ದೂರದ ನೆಂಟ. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗಲ್ಲ ಅಂತಾರೆ. ಕೊಟ್ಟೂರಿನ ತೇರು ಎಳೆಯೋದು ಅದೇ ಮೂಲಾ ನಕ್ಷತ್ರದಲ್ಲಿ! ತೇರಿಗೆ ಒಳ್ಳೇದು, ಹೆಣ್ಣಿಗೆ ಕೆಟ್ಟದ್ದು, ಇದ್ಯಾವ ನ್ಯಾಯ? ಮೂಲಾ ಅಂದರೆ ಚೇಳಿನಾಕಾರದ ನಕ್ಷತ್ರಗುಂಪಿನ ಬಾಲದ ಚುಕ್ಕಿಗಳು. ಆ ಚುಕ್ಕಿಗಳ ಬೆಳಕು ನೂರಾರು ವರ್ಷ ದಾರಿ ನಡೆದು ನಮ್ಮ ಕಣ್ಣಿಗೆ ಬೀಳುತ್ತೆ. ಅದು ಹೊರಟಾಗ ಆ ಹುಡುಗಿಯ ಮುತ್ತಜ್ಜಿಯೂ ಹುಟ್ಟಿರಲಿಲ್ಲ.

ಇನ್ನು ಗ್ರಹಣ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಸುಮಾರು 400 ಪಟ್ಟು ದೂರದವನು. ಅದಕ್ಕೇ ಇಬ್ಬರೂ ಒಂದೇ ಅಳತೆ ಕಾಣ್ತಾರೆ. ಅಮಾವಾಸ್ಯೆಯ ದಿನ ಚಂದ್ರ ನೇರ ಅಡ್ಡ ಬಂದರೆ ಸೂರ್ಯಗ್ರಹಣ. ಚಂದ್ರನ ದಾರಿ ಐದು ಡಿಗ್ರಿ ಓರೆ ಇರೋದರಿಂದ ಪ್ರತಿ ಅಮಾವಾಸ್ಯೆಗೂ ಅಡ್ಡ ಬರಲ್ಲ. ಇಷ್ಟು ಸರಳ ನೆರಳಿಗೂ ಜಾತಿ ಕಟ್ಟಿದರು. ಮರಾಠಿ ಸೀಮೆಯಲ್ಲಿ ರಾಹುವನ್ನ ಅಸ್ಪೃಶ್ಯರ ಕುಲಕ್ಕೆ ಹಚ್ಚಿ, ಗ್ರಹಣದ ಹೊತ್ತು ಮಾಂಗರು ಬೀದಿಯಲ್ಲಿ ಕೂಗಿ ದಾನ ಬೇಡೋ ಹಂಗೆ ಮಾಡಿದ್ದರು. 1980ರ ಫೆಬ್ರವರಿ 16ರಂದು ಕಾರವಾರ, ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಯ ಮೇಲೆ ಪೂರ್ಣ ಸೂರ್ಯಗ್ರಹಣದ ನೆರಳು ಹಾದುಹೋಯಿತು. ವಿಜ್ಞಾನಿಗಳು ದುರ್ಬೀನು ಹೊತ್ತು ಅದನ್ನ ಹುಡುಕಿಕೊಂಡು ಬಂದರು. ಜನ ಬಾಗಿಲು ಹಾಕಿಕೊಂಡು ಕೂತರು. ಹೋಗಲಿ, ಅದು ಹಳೇ ಕಾಲ ಅನ್ನೋಣವೇ? 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನ ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು, ವಾಸಿಯಾಗ್ತದೆ ಅಂತ. ನಾಲ್ಕು ವರ್ಷದೊಳಗೆ, 2023ರ ಆಗಸ್ಟ್ 23ರಂದು, ಇದೇ ದೇಶದ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಯಂತ್ರ ಚಂದ್ರನ ಮೇಲೆ, ಮಕ್ಕಳು ಕುಣಿಯೊಳಗೆ. ಈ ದೇಶದ ವಿಜ್ಞಾನ ಯಾರ ಕೇರಿಗೆ ಬಂದಿದೆ, ಯಾರ ಕೇರಿಗೆ ಬಂದಿಲ್ಲ ಅಂತ ಕೇಳೋ ಹಕ್ಕು ನಮಗಿದೆ.

ಕಡೆಯದಾಗಿ ಹುಣ್ಣಿಮೆಯ ಮಾತು. ಸೂರ್ಯ ಒಂದು ಕಡೆ, ಚಂದ್ರ ಎದುರು ಕಡೆ, ನಡುವೆ ನಾವು. ಅವನ ಬೆಳಗಿದ ಮುಖ ಪೂರ್ತಿ ಕಾಣ್ತದೆ. ಅದೇ ಹುಣ್ಣಿಮೆ. ಇಪ್ಪತ್ತೊಂಬತ್ತೂವರೆ ದಿನಕ್ಕೊಮ್ಮೆ ತಪ್ಪದೆ ಬರ್ತದೆ. ಮಘಾ ನಕ್ಷತ್ರದ ಹತ್ತಿರ ಬಂದಾಗಿನ ಹುಣ್ಣಿಮೆಯಿಂದ ಆ ತಿಂಗಳಿಗೆ ಮಾಘ ಅಂತ ಹೆಸರು. ಅದನ್ನೇ ನಮ್ಮ ಜನ ಭಾರತ ಹುಣ್ಣಿಮೆ ಅಂತಾರೆ. ಆ ರಾತ್ರಿ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಎಷ್ಟು ತಲೆಮಾರಿನ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿದರು, ನಿಮಗೆ ಗೊತ್ತು. ಅವರು ಯಾವ ಕೇರಿಯವರು ಅಂತಲೂ ಗೊತ್ತು. 1982ರಲ್ಲೇ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಬಂತು. ಆದರೂ 2014ರ ಫೆಬ್ರವರಿಯಲ್ಲಿ, ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿದ್ದಾಗ, ಆ ಜಿಲ್ಲೆಯ ಗುಡಿಯೊಂದರಲ್ಲಿ ಹುಣ್ಣಿಮೆ ಹೊತ್ತಿಗೆ ಮುತ್ತು ಕಟ್ಟೋದನ್ನ ತಡೆಯಿರಿ ಅಂತ ಸುಪ್ರೀಂ ಕೋರ್ಟ್ ರಾಜ್ಯ ಸರ್ಕಾರಕ್ಕೆ ಹೇಳಬೇಕಾಯಿತು. ಚಂದ್ರ ಯಾರ ಕೊರಳನ್ನೂ ಕೇಳಿಲ್ಲ. ಅವನಿಗೆ ಸ್ವಂತ ಬೆಳಕೂ ಇಲ್ಲ. ಕೇಳಿದವರು ನೆಲದ ಮೇಲಿನ ಗಂಡಸರು.

ಗೆಳೆಯರೇ, ನಿಮಗೆ ಎರಡು ಕೆಲಸ. ಒಂದು, ಈ ತಿಂಗಳು ಪೂರ್ತಿ ಚಂದ್ರನನ್ನ ದಿನಾ ನೋಡಿ ಅವನ ಆಕಾರ ಹಾಸ್ಟೆಲ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೀರಿ. ಯಾರೂ ಹೇಳಿಕೊಡದೆ ಹುಣ್ಣಿಮೆ ಯಾಕಾಗ್ತದೆ ಅಂತ ನಿಮಗೇ ತಿಳೀತದೆ. ಎರಡು, ರಜಕ್ಕೆ ಊರಿಗೆ ಹೋದಾಗ ಗಡಿಗೆ, ಜೋಳ, ರಾಗಿ ಇಟ್ಟುಕೊಂಡು ನಿಮ್ಮ ಅವ್ವಗೆ, ತಂಗಿಗೆ, ಕೇರಿಯ ಹಿರಿಯರಿಗೆ ಇದನ್ನೇ ತೋರಿಸಿ. ನಿಮ್ಮ ಕೇರಿಯ ಯಾವ ಮಗುವಿಗೆ ಮುತ್ತು ಕಟ್ಟೋ ಸುದ್ದಿ ಬಂದರೂ ಸುಮ್ಮನಿರಬೇಡಿ, 1098ಕ್ಕೆ ಫೋನ್ ಮಾಡಿ. ಭಾರತ ಹುಣ್ಣಿಮೆ ಬರೋದಕ್ಕೆ ಮುಂಚೆಯೇ ಈ ಎರಡೂ ಕೆಲಸ ಆಗಲಿ.