ಟ್ರೈಲರು, ಲೈಸೆನ್ಸು ಮತ್ತು ಮೋಟಾರು ಮೇಷ್ಟ್ರು

ಮೋಟಾರು ನಡೆಸಬೇಕಾದರೆ ಲೈಸೆನ್ಸು ಬೇಕು. ಲೈಸೆನ್ಸು ಸಿಗಬೇಕಾದರೆ ಪರೀಕ್ಷೆ ಕೊಡಬೇಕು. ಪರೀಕ್ಷೆ ಕೊಡಬೇಕಾದರೆ ಮೊದಲು ಯಾರಾದರೂ ಕಲಿಸಬೇಕು. ಈ ಮೂರರಲ್ಲಿ ಲೈಸೆನ್ಸಿನ ವಿಚಾರ, ಪರೀಕ್ಷೆಯ ವಿಚಾರ ಮನೆಮನೆಯಲ್ಲೂ ಮಾತಿಗೆ ಬರುತ್ತದೆ. ಕಲಿಸುವವನ ವಿಚಾರ ಮಾತ್ರ ಅಷ್ಟಾಗಿ ಬರುವುದಿಲ್ಲ. ಇಂದು ಅವನನ್ನು ಕುರಿತು, ಅವನಿಂದ ನಾವು ಇನ್ನೂ ಪಡೆಯದಿರುವ ಒಂದು ಉಪಕಾರವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಲ್ಲಿಕೋಟೆಯಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿರುಮಕೂಡಲು ನರಸೀಪುರಗಳನ್ನು ಹಾದು ಕೊಳ್ಳೇಗಾಲದ ಕಡೆಗೆ ಹೋಗುವ 766ನೆಯ ರಾಷ್ಟ್ರೀಯ ಹೆದ್ದಾರಿಯನ್ನು ನೀವೆಲ್ಲ ಬಲ್ಲಿರಿ. ಶ್ರೀಕಂಠೇಶ್ವರನ ದರ್ಶನಕ್ಕೆ ಹೋಗುವವರು, ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಹೋಗುವವರು, ಕಾವೇರಿ ಕಪಿಲೆಯರ ಸಂಗಮಕ್ಕೆ ಹೋಗುವವರು, ಎಲ್ಲರೂ ಹಿಡಿಯುವುದು ಇದೇ ದಾರಿಯನ್ನು. ಕಬ್ಬು ಕಡಿಯುವ ಕಾಲ ಬಂತೆಂದರೆ ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಹೊರೆ ಹೊತ್ತ ಗಾಡಿಗಳು ಸಾಲುಗಟ್ಟುತ್ತವೆ. ನರಸೀಪುರದ ಕಡೆ ಭತ್ತದ ಕೊಯ್ಲಾದ ಮೇಲೆ ಹುಲ್ಲಿನ ಬಣವೆಯೇ ನಡೆದು ಬರುತ್ತಿದೆಯೋ ಎಂಬಂತೆ ಟ್ರ್ಯಾಕ್ಟರುಗಳು ಬರುತ್ತವೆ. ಅವುಗಳ ಹಿಂದೆ ಕಾರಿನಲ್ಲಿಯೋ ಸ್ಕೂಟರಿನಲ್ಲಿಯೋ ನಾವಿರುತ್ತೇವೆ. 2023ರ ಮೇ 29ರಂದು ನರಸೀಪುರದ ಹತ್ತಿರ ಕುರುಬೂರಿನ ಬಳಿ ಕಾರೂ ಬಸ್ಸೂ ಡಿಕ್ಕಿಯಾಗಿ ಹತ್ತು ಮಂದಿ ತೀರಿಕೊಂಡದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. ಅದು ಟ್ರೈಲರಿನ ಪ್ರಕರಣವಲ್ಲ. ಆದರೆ ಈ ಮಾರ್ಗದಲ್ಲಿ ಚಾಲಕನ ಕೈಗೂ ಪ್ರಯಾಣಿಕನ ಪ್ರಾಣಕ್ಕೂ ಎಷ್ಟು ಹತ್ತಿರದ ನಂಟೆಂಬುದನ್ನು ಅದು ನೆನಪಿಸುತ್ತದೆ.

ಟ್ರೈಲರ್ ಎಂದರೆ ತನಗೆ ತಾನೇ ಚಲಿಸಲಾರದ, ಇನ್ನೊಂದು ವಾಹನ ಎಳೆದೊಯ್ಯುವ ಗಾಡಿ. ನೋಡುವುದಕ್ಕೆ ಎತ್ತಿನ ಗಾಡಿಯಷ್ಟೇ ಸರಳ. ಆದರೆ ಎತ್ತಿಗೆ ಬುದ್ಧಿಯಿದೆ, ಇದಕ್ಕಿಲ್ಲ. ಹಿಂದಕ್ಕೆ ನಡೆಸುವಾಗ ಟ್ರೈಲರಿನ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಮೊದಲು ಸ್ಟೀರಿಂಗನ್ನು ಬಲಕ್ಕೆ ತಿರುಗಿಸಬೇಕು. ಇದನ್ನರಿಯದವನ ಪಾಡು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತಾಗುತ್ತದೆ. ಟ್ರೈಲರಿಗೆ ಬೇರೆ ಬ್ರೇಕು ಇಲ್ಲದಿದ್ದರೆ ಇಳಿಜಾರಿನಲ್ಲಿ ಹಿಂದಿನ ಹೊರೆಯೇ ಮುಂದಿನ ಯಂತ್ರವನ್ನು ತಳ್ಳುತ್ತದೆ. ತಿರುವಿನಲ್ಲಿ ಗಾಬರಿಯಿಂದ ಬ್ರೇಕು ಒತ್ತಿದರೆ ಎರಡೂ ಮೊಣಕೈಯಂತೆ ಮಡಚಿಕೊಳ್ಳುತ್ತವೆ. ಏರಿನಲ್ಲಿ ಹೊರೆ ಮಿತಿಮೀರಿದ್ದರೆ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ನೆಲದ ಹಿಡಿತವನ್ನೇ ಬಿಡಬಹುದು.

ಇನ್ನೊಂದು ಸಂಗತಿಯಿದೆ. ಟ್ರ್ಯಾಕ್ಟರಿನಲ್ಲಿ ಎಡಬಲದ ಹಿಂಚಕ್ರಗಳಿಗೆ ಬೇರೆ ಬೇರೆ ಬ್ರೇಕಿನ ಪೆಡಲುಗಳಿರುತ್ತವೆ. ಉಳುವಾಗ ಒಂದನ್ನೇ ಒತ್ತಿ ಗದ್ದೆಯ ಮೂಲೆಯಲ್ಲಿ ಥಟ್ಟನೆ ತಿರುಗಿಕೊಳ್ಳಲು ಆ ಏರ್ಪಾಡು. ರಸ್ತೆಗೆ ಬಂದೊಡನೆ ಅವೆರಡನ್ನೂ ಕೊಂಡಿ ಹಾಕಿ ಜೋಡಿಸಬೇಕು. ಜೋಡಿಸದೆ ವೇಗವಾಗಿ ಹೋಗುತ್ತಿರುವಾಗ ಒಂದನ್ನೇ ತುಳಿದರೆ ಯಂತ್ರ ಒಂದೇ ಕಡೆಗೆ ಎಳೆದುಕೊಂಡು ಹೋಗುತ್ತದೆ. ಹೊಲದಲ್ಲಿ ಗುಣವಾದದ್ದು ಹೆದ್ದಾರಿಯಲ್ಲಿ ದೋಷವಾಗುತ್ತದೆ. ಇದನ್ನು ಹೇಳಿಕೊಡುವುದಕ್ಕೆ ಐದು ನಿಮಿಷ ಸಾಕು. ಆದರೆ ಹೇಳಿಕೊಡುವವರು ಯಾರು?

ಕಾಯಿದೆ ಏನು ಹೇಳುತ್ತದೆ, ನೋಡೋಣ. 1988ರ ಮೋಟಾರು ವಾಹನ ಕಾಯಿದೆಯ 10ನೆಯ ಕಲಮು ಲೈಸೆನ್ಸಿನ ವರ್ಗಗಳನ್ನು ಎಣಿಸುತ್ತದೆ. ಅಲ್ಲಿ ಮೋಟಾರು ಸೈಕಲ್ಲಿದೆ, ಹಗುರ ವಾಹನವಿದೆ, ಸಾಗಣೆಯ ವಾಹನವಿದೆ, ರೋಡ್ ರೋಲರೂ ಇದೆ. ಟ್ರೈಲರ್ ಎಳೆಯುವುದೆಂಬ ವರ್ಗಕ್ಕೆ ಅಲ್ಲಿ ಪ್ರತ್ಯೇಕವಾದ ಹೆಸರಿಲ್ಲ. ಹೊರೆಯಿಲ್ಲದ ತೂಕ 7,500 ಕಿಲೋ ಮೀರದ ಟ್ರ್ಯಾಕ್ಟರು, ಕಾಯಿದೆಯ ವ್ಯಾಖ್ಯೆಯ ಪ್ರಕಾರ, ಹಗುರ ಮೋಟಾರು ವಾಹನವೇ. ಟ್ರ್ಯಾಕ್ಟರ್ ನಡೆಸಲು ಲೈಸೆನ್ಸು ಇರುವವನು ಹಿಂದೆ ಟ್ರೈಲರ್ ಕಟ್ಟಿದ ಮಾತ್ರಕ್ಕೆ ಅವನ ಲೈಸೆನ್ಸು ನಿರರ್ಥಕವಾಗುವುದಿಲ್ಲವೆಂದು 2001ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದು ವಿಮೆಯ ಪರಿಹಾರದ ಮೊಕದ್ದಮೆ. ಅಪಘಾತದಲ್ಲಿ ನೊಂದವರ ಪರಿಹಾರ ತಾಂತ್ರಿಕ ಕಾರಣದಿಂದ ತಪ್ಪಿಹೋಗಬಾರದೆಂಬ ದೃಷ್ಟಿಯಿಂದ ನ್ಯಾಯವಾದದ್ದೇ. ಆದರೆ ಲೈಸೆನ್ಸು ಸಿಂಧುವಾಗುವುದು ಬೇರೆ, ಕೈ ಪಳಗುವುದು ಬೇರೆ. ಮೊದಲನೆಯದನ್ನು ನ್ಯಾಯಾಲಯ ಕೊಡಬಲ್ಲದು. ಎರಡನೆಯದನ್ನು ಮೇಷ್ಟ್ರೇ ಕೊಡಬೇಕು.

ಆ ಮೇಷ್ಟ್ರು ಎಂಥವನು? ನಂಜನಗೂಡಿನಂಥ, ನರಸೀಪುರದಂಥ ಊರಿನ ಡ್ರೈವಿಂಗ್ ಸ್ಕೂಲೆಂದರೆ ಒಂದು ಕೋಣೆ, ಸಂಚಾರ ಚಿಹ್ನೆಗಳ ಒಂದು ಪಟ, ಒಂದೋ ಎರಡೋ ಕಾರು. ಸಣ್ಣದೆಂದು ಅಲಕ್ಷಿಸುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅವನಿಗೂ ಸಾಕಷ್ಟು ಕಟ್ಟುಪಾಡು ಹಾಕಿವೆ. ಕಲಿಸುವವನು ಹತ್ತನೆಯ ತರಗತಿಯನ್ನಾದರೂ ಮುಗಿಸಿರಬೇಕು. ಐದು ವರ್ಷ ವಾಹನ ನಡೆಸಿದ ಅನುಭವವಿರಬೇಕು. ಮೋಟಾರು ದುರಸ್ತಿಯ ಶಿಕ್ಷಣದ ಪ್ರಮಾಣಪತ್ರವಿರಬೇಕು. ಕಾರಿನಲ್ಲಿ ಮೇಷ್ಟ್ರ ಕಾಲಿಗೂ ಬ್ರೇಕು ಸಿಗುವ ಜೋಡಿ ಏರ್ಪಾಡಿರಬೇಕು. ಸ್ವಂತದ ವಾಹನ ಕಲಿಯುವವರಿಗೆ 21 ದಿನಕ್ಕೆ ಕಡಮೆಯಿಲ್ಲದ ತರಬೇತು, ಅದರಲ್ಲಿ 10 ಗಂಟೆಗೆ ಕಡಮೆಯಿಲ್ಲದ ಚಾಲನೆ ಆಗಬೇಕು. ನಮ್ಮ ಊರುಗಳ ಎಷ್ಟೋ ಹೆಣ್ಣುಮಕ್ಕಳು ಬೆಳಗಿನ ಹೊತ್ತು ಧೈರ್ಯವಾಗಿ ಸ್ಟೀರಿಂಗು ಹಿಡಿದದ್ದು ಇಂಥ ಮೇಷ್ಟ್ರ ಪಕ್ಕದಲ್ಲಿ ಕುಳಿತೇ. ಮೈಸೂರಿಗೆ ಹೋಗಿ ಬ್ರೇಕ್ ಇನ್‌ಸ್ಪೆಕ್ಟರ ಎದುರಿನಲ್ಲಿ ನಿಲ್ಲುವಾಗ ಎದೆ ಹೊಡೆದುಕೊಳ್ಳದಂತೆ ಮಾಡಿದವನೂ ಅವನೇ.

ಈಗ ಅವನ ಜೀವನಕ್ಕೆ ಒಂದು ಚಿಂತೆ ಬಂದಿದೆ. 2019ರಲ್ಲಿ ಕಾಯಿದೆ ತಿದ್ದುಪಡಿಯಾಯಿತು. ಅದನ್ನನುಸರಿಸಿ 2021ರ ಜೂನ್ 7ರಂದು ಹೊಸ ನಿಯಮಗಳು ಪ್ರಕಟವಾಗಿ ಜುಲೈ 1ರಿಂದ ಜಾರಿಗೆ ಬಂದವು. ಮಾನ್ಯತೆ ಪಡೆದ ಚಾಲಕರ ತರಬೇತಿ ಕೇಂದ್ರಗಳು ಎಂಬುದೊಂದು ಹೊಸ ವ್ಯವಸ್ಥೆ. ಅಲ್ಲಿ ಹಗುರ ವಾಹನಕ್ಕೆ ನಾಲ್ಕು ವಾರಗಳಲ್ಲಿ 29 ಗಂಟೆಗಳ ಪಾಠ, ಭಾರೀ ವಾಹನಕ್ಕೆ ಆರು ವಾರಗಳಲ್ಲಿ 38 ಗಂಟೆ. ಅಲ್ಲಿ ಕಲಿತು ತೇರ್ಗಡೆಯಾದವನಿಗೆ ಸಾರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿ. ಆದರೆ ಅಂಥ ಕೇಂದ್ರಕ್ಕೆ ಹಗುರ ವಾಹನಗಳಿಗಾದರೆ ಒಂದು ಎಕರೆ, ಭಾರೀ ವಾಹನ ಅಥವಾ ಟ್ರೈಲರುಗಳಿಗಾದರೆ ಎರಡು ಎಕರೆ ನೆಲ ಬೇಕು. ಕೃತಕ ಚಾಲನಾ ಯಂತ್ರ ಬೇಕು, ಪರೀಕ್ಷಾ ಪಥ ಬೇಕು.

ಹಳೆಯ ಬಗೆಯ ಶಾಲೆಗಳೆಲ್ಲ 2024ರ ಜೂನ್ 1ರಿಂದ ಮುಚ್ಚಿಹೋಗುತ್ತವೆಂಬ ಸುದ್ದಿ ಆಗ ಎಲ್ಲೆಡೆ ಹಬ್ಬಿತು. ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ಅಲ್ಲಗಳೆಯಿತು. ಆ ದಿನದಿಂದ ಯಾವ ಬದಲಾವಣೆಯೂ ಇಲ್ಲ, ಹಳೆಯ ಶಾಲೆಗಳೂ ನಡೆಯಬಹುದು, ಆದರೆ ಅವುಗಳ ಪ್ರಮಾಣಪತ್ರದಿಂದ ಪರೀಕ್ಷೆಯ ವಿನಾಯಿತಿ ದೊರೆಯುವುದಿಲ್ಲ ಎಂದು ಸ್ಪಷ್ಟಪಡಿಸಿತು. ಹಾಗಾದರೆ ಬಾಗಿಲು ಮುಚ್ಚಿಲ್ಲ, ನಿಜ. ಆದರೆ ಎದುರು ಬೀದಿಯ ಅಂಗಡಿಯಲ್ಲಿ ಪಾಠದೊಡನೆ ವಿನಾಯಿತಿಯೂ ಸಿಗುವಾಗ, ಇವನ ಅಂಗಡಿಗೆ ಬರುವವರು ಎಷ್ಟು ದಿನ ಬಂದಾರು? ಹೆದ್ದಾರಿಯ ಪಕ್ಕದ ಎರಡು ಎಕರೆಯನ್ನು ಕೊಳ್ಳುವ ಶಕ್ತಿ ಒಂದು ಕಾರಿನ ಮಾಲೀಕನಿಗೆ ಎಲ್ಲಿಂದ ಬರಬೇಕು?

ಹೊಸ ನಿಯಮವನ್ನು ದೂರುವುದು ನನ್ನ ಉದ್ದೇಶವಲ್ಲ. ಹೆಚ್ಚು ಗಂಟೆಯ ಪಾಠ, ಸರಿಯಾದ ಮೈದಾನ ಇವು ಬೇಡವೆನ್ನುವವರು ಯಾರು? ಹತ್ತು ನಿಮಿಷದ ಪರೀಕ್ಷೆಗಿಂತ 29 ಗಂಟೆಯ ಪಾಠ ಮೇಲೆಂಬುದು ಸರಳವಾದ ಲೆಕ್ಕ. ನನ್ನ ಪ್ರಶ್ನೆ ಇಷ್ಟೆ: ನೆಲವಿರುವವನೇ ಮೇಷ್ಟ್ರಾಗಬೇಕೇ, ಮೇಷ್ಟ್ರಿಗೆ ನೆಲವನ್ನು ಒದಗಿಸಬಾರದೇ?

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ 1997ರ ಜನವರಿ 1ರಿಂದೀಚೆಗೆ ಕಾರಿನ ಲೈಸೆನ್ಸು ಪಡೆದವರು ದೊಡ್ಡ ಟ್ರೈಲರನ್ನು ಎಳೆಯಬೇಕಾದರೆ ಮತ್ತೊಂದು ಪರೀಕ್ಷೆ ಕೊಡಬೇಕಾಗಿತ್ತು. ಅದನ್ನು ಕಲಿಸುವುದೇ ಕಸುಬಾದ ಉಪಾಧ್ಯಾಯರು ಅಲ್ಲಿ ಇದ್ದರು. 2021ರಲ್ಲಿ ಲಾರಿ ಚಾಲಕರ ಅಭಾವ ತಲೆದೋರಿತು. ಪರೀಕ್ಷಕರ ಹೊತ್ತು ಲಾರಿಯವರಿಗೆ ಸಿಗಲೆಂದು ಸರ್ಕಾರ ಟ್ರೈಲರಿನ ಪರೀಕ್ಷೆಯನ್ನೇ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ಡಿಸೆಂಬರ್ 16ರಿಂದ 3,500 ಕಿಲೋವರೆಗಿನ ಟ್ರೈಲರನ್ನು ಕಾರಿನ ಲೈಸೆನ್ಸಿನಲ್ಲೇ ಎಳೆಯಬಹುದೆಂದಾಯಿತು. ಕಲಿಯುವುದು ಅವರವರ ಇಷ್ಟಕ್ಕೆ ಬಿಟ್ಟ ವಿಷಯವಾಯಿತು. ಟ್ರೈಲರಿಗೆ, ಗಾಡಿಗೆ, ಅಂಗಳಕ್ಕೆ ಹಣ ಹಾಕಿದ್ದ ಉಪಾಧ್ಯಾಯರ ಕೆಲಸ ಕೆಲವೇ ವಾರಗಳಲ್ಲಿ ಕರಗಿತು. ಅಲ್ಲಿ ಇದ್ದ ಪರೀಕ್ಷೆ ಹೋಗಿ ಮೇಷ್ಟ್ರ ಅನ್ನ ಹೋಯಿತು. ಇಲ್ಲಿ ಪ್ರತ್ಯೇಕವಾದ ಪರೀಕ್ಷೆಯೇ ಇಲ್ಲದೆ, ಆ ಅನ್ನ ಮೇಷ್ಟ್ರಿಗೆ ಎಂದೂ ಸಿಕ್ಕಿಲ್ಲ. ಕಲಿಯಬೇಕಾದ ಹುಡುಗನಿಗೆ ಪಾಠವೂ ಸಿಕ್ಕಿಲ್ಲ.

ಈ ಎರಡು ಕೊರತೆಗಳನ್ನು ಒಂದಕ್ಕೊಂದು ಜೋಡಿಸಿದರೆ ಎರಡಕ್ಕೂ ಪರಿಹಾರವಿದೆ. ಮೊದಲನೆಯದಾಗಿ, ಒಂದು ತಾಲ್ಲೂಕಿನ ಸಣ್ಣ ಶಾಲೆಗಳವರೆಲ್ಲ ಸೇರಿ ಸಹಕಾರ ಸಂಘ ಕಟ್ಟಿಕೊಳ್ಳಲಿ. ಹಾಲಿಗೆ ಸಂಘ ಕಟ್ಟಿದ ನಾಡು ಇದು, ಪಾಠಕ್ಕೆ ಕಟ್ಟಲಾಗದೇ? ಸಂತೆಯಿಲ್ಲದ ದಿನ ಮಾರುಕಟ್ಟೆಯ ಅಂಗಳವನ್ನೋ ಬೇರೊಂದು ಸರ್ಕಾರಿ ಬಯಲನ್ನೋ ಅಲ್ಪ ಬಾಡಿಗೆಗೆ ಅವರಿಗೆ ಕೊಡಿಸಿದರೆ ಎರಡು ಎಕರೆಯ ಕಷ್ಟ ಬಹುಮಟ್ಟಿಗೆ ನೀಗುತ್ತದೆ. ಎರಡನೆಯದಾಗಿ, ಟ್ರ್ಯಾಕ್ಟರಿನ ಲೈಸೆನ್ಸಿಗೆ ಬರುವವನನ್ನು ಟ್ರೈಲರ್ ಕಟ್ಟಿಸಿಯೇ ಹಿಂದಕ್ಕೂ ಮುಂದಕ್ಕೂ ನಡೆಸಿ ನೋಡುವ ಕ್ರಮ ಬರಲಿ. ಪರೀಕ್ಷೆ ಬಂದರೆ ಕಲಿಯುವವರು ಬರುತ್ತಾರೆ. ಕಲಿಯುವವರು ಬಂದರೆ ಮೇಷ್ಟ್ರ ಒಲೆಯೂ ಉರಿಯುತ್ತದೆ. ಮೂರನೆಯದಾಗಿ, ಕಬ್ಬಿನ ಕಾಲ ಆರಂಭವಾಗುವ ಮುಂಚೆ ಈಗಾಗಲೇ ಲೈಸೆನ್ಸು ಇರುವವರಿಗೂ ಒಂದು ದಿನದ ಪಾಠ ಏರ್ಪಡಲಿ: ಕೊಂಡಿಯ ಪಿನ್ನು, ಜೋಡಿ ಪೆಡಲು, ಹೊರೆಯ ಮಿತಿ, ಹಿಂದಿನ ಕೆಂಪು ದೀಪ, ಹೊಳೆಯುವ ಪಟ್ಟಿ. ಇದಕ್ಕೆ ಕಾರ್ಖಾನೆಯವರೂ ರೈತರೂ ಸೇರಿ ಮೇಷ್ಟ್ರಿಗೆ ಒಂದಿಷ್ಟು ಸಂಭಾವನೆ ಕೊಟ್ಟರೆ ಯಾರಿಗೂ ಭಾರವಾಗದು.

ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರು, ನರಸೀಪುರದಿಂದ ಸುಮಾರು 30. ದೂರವೇನೂ ಅಲ್ಲವೆನ್ನಬಹುದು. ಆದರೆ ಕೂಲಿ ಬಿಟ್ಟು ನಾಲ್ಕು ವಾರ ಹೋಗಿ ಬರಬೇಕಾದ ಹುಡುಗನಿಗೆ ಅದು ದೂರವೇ. ಕಲಿಯುವುದು ದೂರವಾದಷ್ಟೂ ಕಲಿಯದೆ ನಡೆಸುವವರು ಹೆಚ್ಚುತ್ತಾರೆ. ಊರಿನ ಮೇಷ್ಟ್ರು ಊರಿನಲ್ಲಿಯೇ ಉಳಿಯಬೇಕೆನ್ನುವುದು ಅವನ ಮೇಲಿನ ಕನಿಕರದಿಂದಲ್ಲ, ನಮ್ಮ ಸ್ವಾರ್ಥದಿಂದ.

ಪಟ್ಟಣದಲ್ಲಿರುವ ನಾವು ಮಾಡಬಹುದಾದ ಕೆಲಸವೂ ಒಂದಿದೆ. ಮನೆಯ ಮಕ್ಕಳನ್ನು ಮೋಟಾರು ಕಲಿಯಲು ಸೇರಿಸುವಾಗ "ಲೈಸೆನ್ಸು ಎಷ್ಟು ದಿನಕ್ಕೆ ಮಾಡಿಸಿಕೊಡುತ್ತೀರಿ?" ಎಂದು ಕೇಳುವುದು ನಮ್ಮ ವಾಡಿಕೆ. ಅದರ ಬದಲು "ಎಷ್ಟು ಗಂಟೆ ಕಲಿಸುತ್ತೀರಿ?" ಎಂದು ಕೇಳೋಣ. ಗಂಟೆಗೆ ತಕ್ಕ ಶುಲ್ಕವನ್ನು ಚೌಕಾಸಿಯಿಲ್ಲದೆ ಕೊಡೋಣ. ಹಾಗೆ ಕೇಳುವವರು ಹೆಚ್ಚಿದರೆ ಚೆನ್ನಾಗಿ ಕಲಿಸುವವನು ಬಾಳುತ್ತಾನೆ, ಬರಿಯ ಕಾಗದ ಮಾಡಿಸುವವನು ಹಿಂದೆ ಬೀಳುತ್ತಾನೆ. ಮುಂದಿನ ಕಬ್ಬಿನ ಕಾಲದಲ್ಲಿ ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಒಂದು ಟ್ರೈಲರು ನಮಗೆ ಎದುರಾದಾಗ, ಅದನ್ನು ಎಳೆಯುತ್ತಿರುವವನು ಪಾಠ ಕಲಿತವನೆಂಬ ನೆಮ್ಮದಿಗಿಂತ ನಮಗೆ ಬೇಕಾದದ್ದು ಮತ್ತೇನು?