ಪರನಾಡಿನಲ್ಲಿ ಪಾದ್ರಿ ಉಪಾಧ್ಯಾಯರು

ಸ್ವದೇಶವನ್ನು ಬಿಟ್ಟು ಪರದೇಶದಲ್ಲಿ ನೆಲಸುವವರು ಹಲವು ಬಗೆಯವರು. ವ್ಯಾಪಾರಕ್ಕಾಗಿ ಹೋದವನು ಲಾಭ ದೊರೆತೊಡನೆ ಹಿಂದಿರುಗುತ್ತಾನೆ. ಅಧಿಕಾರಕ್ಕಾಗಿ ಹೋದವನು ಅಲ್ಲಿಯ ಜನರೇ ತನಗೆ ಹೊಂದಿಕೊಳ್ಳಲೆಂದು ಬಯಸುತ್ತಾನೆ. ಉಪಾಧ್ಯಾಯನಾಗಿ ಹೋದವನ ಸ್ಥಿತಿ ಬೇರೆ. ಕೇಳುವವರ ಮನಸ್ಸಿಗೆ ಅವನ ಮಾತು ಮುಟ್ಟದಿದ್ದರೆ ಅವನು ಬಂದ ಕಾರ್ಯವೇ ವ್ಯರ್ಥ. ಆದುದರಿಂದ ಹೊಂದಿಕೊಳ್ಳುವ ಭಾರವೆಲ್ಲ ಅವನದೇ. ಈ ಭಾರವನ್ನು ನಮ್ಮ ಹುಬ್ಬಳ್ಳಿ ಧಾರವಾಡಗಳಲ್ಲಿ ಹೊತ್ತವರು ಬಾಸೆಲ್ ಮಿಶನ್ನಿನ ಪಾದ್ರಿಗಳು. ಅವರ ಮತಪ್ರಚಾರದ ಗುಣದೋಷಗಳನ್ನು ನಾವು ಇಂದು ಚರ್ಚಿಸಹೊರಟಿಲ್ಲ. ಅವರು ಪರನಾಡಿನಲ್ಲಿ ಬಾಳಿದ ರೀತಿಯನ್ನು ಮಾತ್ರ ಸ್ವಲ್ಪ ವಿಚಾರಮಾಡೋಣ.

ಬಾಸೆಲ್ ಮಿಶನ್ ಸ್ಥಾಪಿತವಾದುದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಕಂಪನಿ ಸರಕಾರದ 1833ರ ಸನ್ನದು ಬ್ರಿಟಿಷರಲ್ಲದ ಮಿಶನರಿಗಳಿಗೂ ಹಿಂದೂಸ್ಥಾನದ ಬಾಗಿಲನ್ನು ತೆರೆಯಿತು. ಮರುವರ್ಷವೇ ಅವರಲ್ಲಿ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಮಿಶನ್ನಿನ ಠಾಣೆಗಳು ಏರ್ಪಟ್ಟವು. ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯವರು. ಆಳುವ ಇಂಗ್ಲಿಷರಿಗೂ ಅವರು ಪರಕೀಯರು, ನಮಗೂ ಪರಕೀಯರು.

ಸುಯೆಜ್ ಕಾಲುವೆ ತೆರೆದುದು 1869ರಲ್ಲಿ. ಅದಕ್ಕೆ ಮೊದಲು ಬಂದವರಿಗೆ ಸಮುದ್ರಯಾನವೇ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಧಾರವಾಡವು ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ. ಕರಾವಳಿಯ ಬೇಗೆಯಿಂದ ಬಳಲಿ ಘಟ್ಟವೇರಿ ಬಂದವರಿಗೆ ಇಲ್ಲಿಯ ಗಾಳಿ ಹಿತವೆನಿಸಿದ್ದರೆ ಆಶ್ಚರ್ಯವಿಲ್ಲ. ಹವೆಗೆ ಶರೀರವು ಹೇಗೋ ಒಗ್ಗುತ್ತದೆ. ನಾಲಗೆಯು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ನಮ್ಮ ಭಾಷೆಯು ಪರಕೀಯನಿಗೆ ಒಡ್ಡುವ ಕಷ್ಟಗಳನ್ನು ನಾವು ಎಣಿಸಿಯೇ ನೋಡಿದವರಲ್ಲ. ಜರ್ಮನ್ ಕಿವಿಗೆ ಲಕಾರ ಳಕಾರಗಳೆರಡೂ ಒಂದೇ. ಹಳ್ಳಿಗೆ ಹೋಗುತ್ತೇನೆಂದು ಹೇಳಹೊರಟವನು ಹಲ್ಲಿಗೆ ಹೋಗುತ್ತಾನೆ. ಹುಳಿ ಬೇಡವೆಂದರೆ ಹುಲಿ ಬೇಡವೆಂದಂತಾಗುತ್ತದೆ. ‘ನಿನ್ನೆ ಬಂದ ಹುಡುಗ’ ಎಂದು ನಾವು ಮೂರು ಪದಗಳಲ್ಲಿ ಮುಗಿಸುವುದನ್ನು ಅವರ ಭಾಷೆಯು ‘ಹುಡುಗ, ಯಾವನು ನಿನ್ನೆ ಬಂದನೋ ಅವನು’ ಎಂಬಂತೆ ಸುತ್ತಿಹೇಳುತ್ತದೆ. ಆದರೆ ನಂಟೂ ಇಲ್ಲದಿಲ್ಲ. ನೀನು, ನೀವು ಎಂಬ ಭೇದವು ಜರ್ಮನ್ ಭಾಷೆಯಲ್ಲಿಯೂ ಉಂಟು. ದೊಡ್ಡವರನ್ನು ಬಹುವಚನದಿಂದ ಗೌರವಿಸುವ ನಾವು ದೇವರನ್ನು ‘ನೀನು’ ಎಂದೇ ಕರೆಯುತ್ತೇವೆ, ಅವರೂ ಹಾಗೆಯೇ. ಪ್ರಾರ್ಥನೆಯಲ್ಲಿ ಎರಡು ನಾಡುಗಳವರೂ ಏಕವಚನದವರೆಂಬುದು ಸೋಜಿಗದ ಸಂಗತಿಯಲ್ಲವೇ?

ಶಬ್ದವನ್ನು ಕಲಿತ ಮಾತ್ರಕ್ಕೆ ಜನರನ್ನು ತಿಳಿದಂತಾಗಲಿಲ್ಲ. ಹೊಸ ಗುರುವೊಬ್ಬನು ಬರುವನೆಂದು ಕಾಲಜ್ಞಾನದ ವಚನಗಳನ್ನು ನಂಬಿದ್ದ ಕೆಲವು ಜನರು 1840ರ ಸುಮಾರಿನಲ್ಲಿ ಈ ಪಾದ್ರಿಗಳ ಬಳಿಗೆ ಬಂದರು. ಪಾದ್ರಿಗಳು ತಮ್ಮ ಬೆಳೆ ಕೊಯ್ಲಿಗೆ ಬಂದಿತೆಂದು ಹಿಗ್ಗಿ, ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ ಒಂದು ವಸತಿಯನ್ನು ಆರಂಭಿಸಿದರು. ಆದರೆ ಎಣಿಸಿದಷ್ಟು ಜನರು ಬಂದು ಸೇರಲಿಲ್ಲ. ಬಂದವರು ಅರಸಿದ್ದು ತಮ್ಮ ಕಾಲಜ್ಞಾನದ ಗುರುವನ್ನು. ಪಾದ್ರಿಗಳು ಕಂಡದ್ದು ತಮ್ಮ ಸುವಾರ್ತೆಯ ಶಿಷ್ಯರನ್ನು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗಿತ್ತು. ಒಬ್ಬರ ಮನಸ್ಸು ಇನ್ನೊಬ್ಬರಿಗೆ ಅರ್ಥವಾಗಿರಲಿಲ್ಲ.

ಈ ಅಂತರವನ್ನು ದಾಟುವುದು ಹೇಗೆ? ಮಿಶನ್ನಿನ ಬಂಗಲೆಯಲ್ಲಿ ಬೇರೆಯಾಗಿ ವಾಸಿಸುತ್ತ ದಾಟಲಾದೀತೇ? ಕೆಲವರಾದರೂ ಆಗದೆಂದು ತಿಳಿದರು. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರು ಶಿಷ್ಯರೊಡನೆಯೇ ವಾಸಮಾಡಿ, ಅವರಂತೆ ಸರಳವಾಗಿ ಬಾಳಲು ಯತ್ನಿಸಿದರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮಹನೀಯರು ಇವರೇ. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲರು ಧಾರವಾಡ ಹುಬ್ಬಳ್ಳಿಗಳ ಕಡೆ ಕಾಲ್ನಡಿಗೆಯಲ್ಲಿ ತಿರುಗಿ, ಜನರ ಮಾತನ್ನೂ ರೀತಿಯನ್ನೂ ಕಲಿತರು. ಕನ್ನಡಿಗರ ನಡುವೆ ಕನ್ನಡಿಗನಾಗಿಯೇ ಇರಬೇಕೆಂಬುದು ಅವರ ಹಂಬಲ. ಈ ಹಂಬಲವು ಸಹೋದ್ಯೋಗಿಗಳಿಗೆ ಹಿಡಿಸಲಿಲ್ಲ. ಪರದೇಶದಲ್ಲಿ ಹೊಂದಿಕೊಳ್ಳುವವನಿಗೆ ಎರಡು ಕಡೆಯ ಅಡ್ಡಿ: ಸಾಲದಷ್ಟು ಹೊಂದಿಕೊಂಡರೆ ಆ ನಾಡಿನವರು ದೂರವಿಡುತ್ತಾರೆ, ಹೆಚ್ಚಾಗಿ ಹೊಂದಿಕೊಂಡರೆ ತನ್ನವರೇ ದೂರುತ್ತಾರೆ.

ಈ ಬಾಳಿಗೆ ಅವರು ತೆತ್ತ ಬೆಲೆಯನ್ನೂ ಮರೆಯಲಾಗದು. ಮಿಶನರಿಯು ಅವಿವಾಹಿತನಾಗಿ ಬರಬೇಕು. ಮದುವೆಗೆ ಬಾಸೆಲ್ಲಿನ ಹಿರಿಯರ ಅಪ್ಪಣೆ ಬೇಕು. ಎಷ್ಟೋ ಕನ್ಯೆಯರು ತಾವು ಕಂಡರಿಯದ ವರನನ್ನು ಕೈಹಿಡಿಯಲು ಕಡಲು ದಾಟಿ ಬಂದರು. ಕಿಟ್ಟೆಲರು 1860ರಲ್ಲಿ ವಿವಾಹವಾದ ಪಾವುಲೀನೆ ಐಟ್ ಎಂಬವರು 1864ರಲ್ಲಿಯೇ ತೀರಿಕೊಂಡರು. ಮಕ್ಕಳು ಓದುವ ವಯಸ್ಸಿಗೆ ಬಂದೊಡನೆ ಅವರನ್ನು ಯೂರೋಪಿಗೆ ಕಳುಹಿಸುವುದು ವಾಡಿಕೆ. ಅದಕ್ಕಾಗಿ ಬಾಸೆಲ್ಲಿನಲ್ಲಿ ಒಂದು ಮಕ್ಕಳ ನಿಲಯವೇ ಇತ್ತು. ಪರರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ತಾಯಿತಂದೆಗಳು ಸ್ವಂತ ಮಕ್ಕಳ ಬೆಳವಣಿಗೆಯನ್ನು ಕಾಗದಗಳಲ್ಲಿ ಓದಿಕೊಳ್ಳಬೇಕಾಗಿತ್ತು. 1914ರಲ್ಲಿ ಮಹಾಯುದ್ಧವು ಆರಂಭವಾದಾಗ, ಇಲ್ಲಿ ಬಹುಕಾಲ ಬಾಳಿದ್ದ ಜರ್ಮನ್ ಮಿಶನರಿಗಳು ಸರಕಾರದ ದೃಷ್ಟಿಯಲ್ಲಿ ಶತ್ರುಪ್ರಜೆಗಳಾಗಿ ಈ ನಾಡನ್ನು ಬಿಡಬೇಕಾಯಿತು. ಇತ್ತ ಅವರ ಮಾತಿಗೆ ಒಲಿದು ಕ್ರೈಸ್ತರಾದವರೂ ತಮ್ಮ ಬಂಧುಬಳಗದಿಂದ ಅಗಲಿದವರೇ ಎಂಬುದನ್ನು ನಾವು ನೆನೆಯಬೇಕು.

ಇಷ್ಟರಿಂದ ಉಳಿದುದೇನು? ಕಿಟ್ಟೆಲರು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಶಬ್ದಗಳ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಕಾವ್ಯದ ಶಬ್ದಗಳ ಪಕ್ಕದಲ್ಲಿಯೇ ಸಾಮಾನ್ಯ ಜನರ ಗಾದೆಗಳೂ ಕುಳಿತಿವೆ. ಗಾದೆಯು ಬಂಗಲೆಯ ಕುರ್ಚಿಗೆ ತಾನಾಗಿ ನಡೆದುಬರುವಂಥದಲ್ಲ. ಜಗಲಿಯ ಮೇಲೆ ಕುಳಿತು ಕೇಳಬೇಕಾದುದು. ಹಾಗೆ ಕೇಳಿಸಿಕೊಳ್ಳುವವನು ಆ ಹೊತ್ತಿಗೆ ಗುರುವಲ್ಲ, ಶಿಷ್ಯ. ಅವರಿಗೆ ಹೇಳಿಕೊಟ್ಟ ಪಂಡಿತರನ್ನೂ ರೈತರನ್ನೂ ನಾಡು ಹೆಚ್ಚಾಗಿ ನೆನೆಯುವುದಿಲ್ಲ. ಆದರೂ ಆ ಗ್ರಂಥದಲ್ಲಿ ಅವರ ಪಾಲು ದೊಡ್ಡದು.

ಪಾದ್ರಿಗಳು ತಮ್ಮಲ್ಲಿ ಸತ್ಯವಿದೆ, ನಮ್ಮಲ್ಲಿ ಅದರ ಕೊರತೆಯಿದೆ ಎಂಬ ಭಾವನೆಯಿಂದ ಬಂದರು. ಆ ಭಾವನೆಯನ್ನು ನಾವು ಒಪ್ಪಬೇಕಾದುದಿಲ್ಲ. ಅವರು ಕಲಿಸಬಂದುದನ್ನು ನಮ್ಮಲ್ಲಿ ಬಹುಮಂದಿ ಸ್ವೀಕರಿಸಲೂ ಇಲ್ಲ. ಆದರೆ ಅವರು ಕಲಿತುದೆಲ್ಲ ನಮ್ಮ ಸೊತ್ತಾಯಿತು. ಇಂದು ನಮ್ಮ ತರುಣರೂ ಅಧ್ಯಾಪಕರಾಗಿ ಪರದೇಶಗಳಿಗೆ ಹೋಗುತ್ತಿದ್ದಾರೆ. ಅಲ್ಲಿಯ ಚಳಿಗೂ ಊಟಕ್ಕೂ ಒಗ್ಗಿಕೊಳ್ಳುವುದನ್ನು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕಲಿಸುವ ಪೀಠದಿಂದ ದಿನಕ್ಕೊಮ್ಮೆಯಾದರೂ ಇಳಿದು ಆ ನೆಲದ ಜನರೆದುರು ವಿದ್ಯಾರ್ಥಿಯಾಗಿ ಕುಳಿತುಕೊಳ್ಳಿರೆಂದು ಮಾತ್ರ ಹೇಳಬಹುದು. ಪರನಾಡಿನಲ್ಲಿ ಉಪಾಧ್ಯಾಯನಿಗೆ ಸ್ಥಳ ದೊರೆಯುವುದು ಆ ಚಾಪೆಯ ಮೇಲೆಯೇ.